ಸೊಂಟದ ಆಪರೇಷನ್‌ಗೆ ಕಾರ್ಡ್ ಇದೆ. ಮನೆಗೆ ಬಂದ ಮೇಲಿನ ಮೂರು ತಿಂಗಳಿಗೆ ಏನಿದೆ?

ಸೊಂಟದ ಕೀಲು ಬದಲಿಸುವ ಆಪರೇಷನ್ ಈಗ ಅಪರೂಪದ್ದಲ್ಲ. ಸವೆದ ಅಥವಾ ಮುರಿದ ಕೀಲು ತೆಗೆದು ಕೃತಕ ಕೀಲು ಕೂರಿಸುತ್ತಾರೆ, ಒಂದೆರಡು ದಿನದಲ್ಲೇ ವಾಕರ್ ಹಿಡಿಸಿ ನಡೆಸುತ್ತಾರೆ, ಆಮೇಲೆ ಡಿಸ್ಚಾರ್ಜ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯೂ ಇದೆ. ಆದರೆ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹಳ್ಳಿಗಳಲ್ಲಿ ನಿಜವಾದ ಕಷ್ಟ ಶುರುವಾಗೋದು ಮನೆ ಹೊಸ್ತಿಲು ದಾಟಿದ ಮೇಲೆ. ಯಾಕಂದ್ರೆ ಡಿಸ್ಚಾರ್ಜ್ ಚೀಟಿಯ ಸಲಹೆಗಳೆಲ್ಲ ಮಂಚ, ಕುರ್ಚಿ, ಕಮೋಡ್ ಇರುವ ಮನೆಯನ್ನು ಲೆಕ್ಕ ಹಿಡಿದು ಬರೆದವು.

ಮೂರು ‘ಬೇಡ’ಗಳು

ಹೊಸ ಕೀಲಿನ ಸುತ್ತಲಿನ ಮಾಂಸಖಂಡ ಗಟ್ಟಿಯಾಗಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಅಲ್ಲಿವರೆಗೆ ಕೀಲು ಜಾರುವ ಅಪಾಯ ಇರುತ್ತದೆ. ಅದರಲ್ಲೂ ಹಿಂಬದಿಯಿಂದ ಕೊಯ್ದು ಮಾಡಿದ ಆಪರೇಷನ್ ಆಗಿದ್ದರೆ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಆ ಪಾದವನ್ನು ಒಳಕ್ಕೆ ತಿರುಗಿಸಬಾರದು. ಯಾವ ಬದಿಯಿಂದ ಮಾಡಿದ್ದಾರೆ, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಎಚ್ಚರಿಕೆ ಎಷ್ಟು ವಾರ ಅಂತ ಡಿಸ್ಚಾರ್ಜ್‌ಗೆ ಮುಂಚೆಯೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ.

ಈಗ ಇದನ್ನು ನಮ್ಮ ಮನೆಗೆ ಹಾಕಿ ನೋಡಿ. ಚಾಪೆ ಮೇಲೆ ಮಲಗೋದು, ಚಕ್ಕಳಮಕ್ಕಳ ಹಾಕಿ ಉಣ್ಣೋದು, ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯೋದು ಎಲ್ಲವೂ ಬಂದ್. ಸ್ವಚ್ಛ ಭಾರತ್‌ನ 12 ಸಾವಿರ ರೂಪಾಯಿಯಲ್ಲಿ ಹಳ್ಳಿಗಳಲ್ಲಿ ಕಟ್ಟಿದ ಶೌಚಾಲಯಗಳೂ ಬಹುಪಾಲು ಕುಕ್ಕರಗಾಲಿನವೇ.

ಮನೆಯಲ್ಲಿ ಏನು ಮಾಡಬಹುದು?

ಮೊದಲು ಶೌಚದ ವ್ಯವಸ್ಥೆ. ನಡುವೆ ತೂತು ಇರುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನು ಅಂಗಡಿಗಳಲ್ಲಿ ಸಿಗುತ್ತದೆ. ಆಪರೇಷನ್‌ಗೆ ಮುಂಚೆಯೇ ತಂದಿಡಿ. ಕೂರಲು ಕೈ ಇರುವ ಗಟ್ಟಿ ಕುರ್ಚಿ ಬೇಕು. ಕೂತಾಗ ಸೊಂಟ ಮೊಣಕಾಲಿಗಿಂತ ಮೇಲಿರಬೇಕು, ತಗ್ಗಾದರೆ ಕಂಬಳಿ ಮಡಚಿ ಹಾಕಿ. ನಡು ಜೋತುಬೀಳುವ ಹಗ್ಗದ ಮಂಚ ಬೇಡ, ಹಲಗೆ ಮಂಚ ಇರಲಿ. ಮಲಗುವಾಗ ಕಾಲುಗಳ ನಡುವೆ ದಿಂಬು. ಸ್ನಾನವೂ ಕುರ್ಚಿ ಮೇಲೆಯೇ, ಬಚ್ಚಲ ನೆಲ ಒಣಗಿರಬೇಕು.

ಮೆಟ್ಟಿಲು, ಕಟ್ಟೆ ಹತ್ತುವಾಗ ಮೊದಲು ಒಳ್ಳೆ ಕಾಲು. ಇಳಿಯುವಾಗ ಮೊದಲು ಆಪರೇಷನ್ ಆದ ಕಾಲು. ‘ಅವ್ವ ಸುಮ್ನೆ ಮಲಗಿರ್ಲಿ ಬಿಡಿ’ ಅನ್ನೋದು ಪ್ರೀತಿಯೇ, ಆದರೆ ಅಪಾಯ. ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ನಡೆಸಬೇಕು, ಮಲಗಿದ್ದಾಗ ಪಾದ ಮೇಲೆ ಕೆಳಗೆ ಆಡಿಸಬೇಕು. ಇಲ್ಲದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ‘ಈಗ ನೋವಿಲ್ಲ’ ಅಂತ ನಿಲ್ಲಿಸಬೇಡಿ.

ಮೀನಖಂಡ ಊದಿ ನೋವಾದರೆ, ಗಾಯದಿಂದ ಕೀವು ಸೋರಿದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಅಥವಾ ಕಾಲು ಇದ್ದಕ್ಕಿದ್ದಂತೆ ಗಿಡ್ಡವಾಗಿ, ತಿರುಗಿ, ಊರಲಾಗದಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಬಿಲ್ ಕಟ್ಟುವವರು ಯಾರು?

ರಾಜಕೀಯ ಇರೋದು ಇಲ್ಲಿ. ಆಯುಷ್ಮಾನ್ ಭಾರತ್ ನಿಯಮದ ಪ್ರಕಾರ ಡಿಸ್ಚಾರ್ಜ್ ನಂತರದ ಖರ್ಚಿಗೆ ರಕ್ಷಣೆ 15 ದಿನ. ಚೇತರಿಕೆಗೆ ಬೇಕಾದದ್ದು 12 ವಾರ. ಇಎಸ್‌ಐ ಇರುವ ಕಾರ್ಖಾನೆ ನೌಕರರಿಗೆ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ಚಳ್ಳಕೆರೆಯ ಶೇಂಗಾ ಹೊಲದ ಕೂಲಿಯವರಿಗೆ, ಮನೆಯಲ್ಲೇ ನೇಯುವ ಮೊಳಕಾಲ್ಮುರು ಸೀರೆಯ ನೇಕಾರರಿಗೆ ಅದಿಲ್ಲ. ಆ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ; ನೇಯುವ ಸೊಂಟಕ್ಕೆ ಸಂಬಳದ ರಜೆ ಇಲ್ಲ. ಗುಂಡಿ ಮಗ್ಗದಲ್ಲಿ ನೆಲಮಟ್ಟಕ್ಕೆ ಇಳಿದು ಕೂರಬೇಕು. ಆಪರೇಷನ್ ಆದವರು ಅಲ್ಲಿಗೆ ಯಾವಾಗ ಮರಳಬಹುದು, ಮರಳಬಹುದೇ ಅನ್ನೋದನ್ನೂ ಡಾಕ್ಟರೇ ಹೇಳಬೇಕು.

ಇನ್ನೊಂದು ಬಿಲ್ ಯಾವ ಲೆಕ್ಕಕ್ಕೂ ಬರೋದಿಲ್ಲ. ಎತ್ತಿ ಕೂರಿಸುವ, ಕಮೋಡ್ ತೊಳೆಯುವ ಕೆಲಸ ಬೀಳೋದು ಸೊಸೆ ಅಥವಾ ಮಗಳ ಮೇಲೆ. ಅವಳ ಕೂಲಿ ಹೋಗುತ್ತದೆ, ಇಲ್ಲವೇ ಕಾಲೇಜಿನ ಹಾಜರಿ.

ಕೇಳಬೇಕಾದದ್ದು

ಯೋಜನೆಗಳು ಕಾಗದದಲ್ಲಿ ಇವೆ. ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸಮುದಾಯ ಆರೋಗ್ಯ ಕೇಂದ್ರದ ಪುನಶ್ಚೇತನ ಸಿಬ್ಬಂದಿ ಹಾಸಿಗೆ ಹಿಡಿದವರ ಮನೆಗೇ ಬರಬೇಕು ಅಂತಿದೆ. 2017ರ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದ ಬಡವರಿಗೆ ವಾಕರ್, ಊರುಗೋಲು ಉಚಿತ. ಆದರೆ ಅವು ಸಿಗೋದು ಶಿಬಿರ ನಡೆದಾಗ. ಮುರಿದ ಸೊಂಟ ಶಿಬಿರಕ್ಕೆ ಕಾಯೋದಿಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾಲ್ಕು ವಾಕರ್, ನಾಲ್ಕು ಕಮೋಡ್ ಕುರ್ಚಿ ಇಟ್ಟು, ಮೂರು ತಿಂಗಳಿಗೆ ಎರವಲು ಕೊಟ್ಟು ವಾಪಸ್ ಪಡೆದರೆ ಸಾಕು. ಇದಕ್ಕೆ ಹೊಸ ಕಾನೂನು ಬೇಡ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆ ಇದನ್ನೂ ಕೇಳಿ, ನಡಾವಳಿಯಲ್ಲಿ ಬರೆಸಿ.