ನಾಯಿ ಆರೈಕೆ ಕೇಂದ್ರದ ಜಮಾ–ಖರ್ಚು

ಗಾಯಗೊಂಡ, ಕಾಯಿಲೆ ಬಿದ್ದ ಬೀದಿನಾಯಿಯನ್ನು ತಂದು ಆರೈಕೆ ಮಾಡಿ, ಗುಣವಾದ ಮೇಲೆ ಅದರ ಓಣಿಗೇ ಬಿಡುವ ಅಥವಾ ಸಾಕುವವರಿಗೆ ಒಪ್ಪಿಸುವ ಕೇಂದ್ರಗಳು ಬಹುಪಾಲು ಸ್ವಯಂಸೇವಕರ ದುಡಿಮೆಯಿಂದ, ದಾನಿಗಳ ಹಣದಿಂದ ನಡೆಯುತ್ತವೆ. ಕರ್ನಾಟಕದಲ್ಲಿ ಇವುಗಳ ಪೈಕಿ ಹಳೆಯ ಹೆಸರು ಬೆಂಗಳೂರಿನ ‘ಕ್ಯೂಪಾ’. ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಕಟ್ಟಿದ್ದ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಇದನ್ನು ಆರಂಭಿಸಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. 1996ರಲ್ಲಿ ಅವರು ತೀರಿಕೊಂಡ ಮೇಲೂ ಕೆಲಸ ಮುಂದುವರಿದಿದೆ. ಬೆಂಗಳೂರಿನ ‘ಚಾರ್ಲೀಸ್’, ಮಂಗಳೂರಿನ ಆನಿಮಲ್ ಕೇರ್ ಟ್ರಸ್ಟ್ ಅದೇ ಹಾದಿಯವು.

ನಾಯಿಯನ್ನು ಹಿಡಿದು ತರುವುದು ಒಂದು ದಿನದ ಕೆಲಸ. ಖರ್ಚು ಶುರುವಾಗುವುದು ಆಮೇಲೆ. ಪಾರ್ವೊ ವೈರಸ್ ತಗುಲಿದ ಮರಿ ವಾಂತಿ, ರಕ್ತಭೇದಿಯಲ್ಲಿ ಒಣಗುತ್ತಾ ಹೋಗುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧ ಸಾಮಾನ್ಯ ಬಳಕೆಯಲ್ಲಿಲ್ಲ. ದಿನಗಟ್ಟಲೆ ಸಲೈನ್ ಏರಿಸಿ ಜೀವ ಹಿಡಿದಿಡಬೇಕು. ಸೋಂಕು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಪ್ರತ್ಯೇಕ ಕೋಣೆಯೂ ಬೇಕು. ಜನನಾಂಗದ ಗೆಡ್ಡೆಗೆ ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ನಡುವೆ ನಾಯಿಯನ್ನು ಬಿಟ್ಟರೆ ಮತ್ತೆ ಕೈಗೆ ಸಿಗುವ ಖಾತ್ರಿ ಇರುವುದಿಲ್ಲ. ಲಾರಿಗೆ ಸಿಕ್ಕು ಬೆನ್ನುಮೂಳೆ ಮುರಿದ ನಾಯಿಯದು ಎಲ್ಲಕ್ಕಿಂತ ಕಷ್ಟದ ಪಾಡು. ಅದರ ಹೊಟ್ಟೆ ಅದುಮಿ ದಿನಕ್ಕೆ ಹಲವು ಸಲ ಮೂತ್ರ ಹೊರಹಾಕಿಸಬೇಕು, ಹಿಂಗಾಲು ತೆವಳಿ ಆದ ಹುಣ್ಣು ತೊಳೆಯಬೇಕು. ಬದುಕಿರುವಷ್ಟು ವರ್ಷ ಅದು ಕೇಂದ್ರದಲ್ಲೇ ಇರುತ್ತದೆ.

ಆದಾಯಕ್ಕೆ ಇಂಥ ನಿರಂತರತೆ ಇಲ್ಲ. ರಕ್ತ ಸುರಿಯುವ ನಾಯಿಯ ಫೋಟೊ ಕಂಡು ಜನ ಮರುಗಿ ದುಡ್ಡು ಕಳಿಸುತ್ತಾರೆ. ಅಕ್ಕಿ, ಬಾಡಿಗೆ, ಕರೆಂಟ್ ಬಿಲ್, ಬೋನು ತೊಳೆಯುವವರ ಸಂಬಳಕ್ಕೆ ಫೋಟೊ ಇರುವುದಿಲ್ಲ. ಔಷಧ ಅಂಗಡಿಯ ಬಾಕಿ ಬೆಳೆಯುವುದು ಹೀಗೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವುದನ್ನೂ ನಿಷೇಧಿಸಿತು. ದೊಡ್ಡ ಸಂಸ್ಥೆಯ ಮೂಲಕ ಸಣ್ಣ ಊರಿಗೆ ಹಣ ಹರಿಯುವ ಒಂದು ದಾರಿ ಅಲ್ಲಿಗೆ ಮುಚ್ಚಿತು.

ಕಲಬುರಗಿ ಜಿಲ್ಲೆಯ ಚಿತ್ತಾಪುರ, ವಾಡಿ, ಶಹಾಬಾದ್, ಸೇಡಂ ಕಡೆ ಈ ಹೊರೆ ಇನ್ನೂ ಭಾರ. ಸಿಮೆಂಟು, ಪರಸಿ ಕಲ್ಲಿನ ಲಾರಿಗಳು ಓಡಾಡುವ ಸೀಮೆ ಇದು. ತಾಲ್ಲೂಕು ಪಶು ದವಾಖಾನೆಯ ಮುಖ್ಯ ಕೆಲಸ ದನ, ಎಮ್ಮೆ, ಆಡು, ಕುರಿಗಳದು. ನಾಯಿಯ ಮುರಿದ ಕಾಲಿಗೆ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗಿ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಒಯ್ಯುವುದಾದರೆ ಚಿತ್ತಾಪುರದಿಂದ ನೂರು ಕಿ.ಮೀ.ಗೂ ಹೆಚ್ಚು. ಎತ್ತಿಕೊಂಡು ಹೊರಟ ಹುಡುಗರ ಕಿಸೆಯನ್ನು ಗಾಡಿ ಬಾಡಿಗೆಯೇ ಅರ್ಧ ಬರಿದು ಮಾಡುತ್ತದೆ.

ಹಣದ ಮೂಲ ಮಾತ್ರ ಇದೇ ಸೀಮೆಯಲ್ಲಿದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ಕೊಡಬೇಕು. ಆ ಕಾರ್ಯಗಳ ಪಟ್ಟಿಯಲ್ಲಿ ಪ್ರಾಣಿ ಕಲ್ಯಾಣವೂ ಸೇರಿದೆ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಇನ್ನೊಂದೆಡೆ, ಬೀದಿನಾಯಿಗಳ ಸಂತಾನಹರಣ, ರೇಬಿಸ್ ಲಸಿಕೆಯ ಹೊಣೆಯನ್ನು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿನ ನಾಯಿಗಳನ್ನು ಆಶ್ರಯಕೇಂದ್ರಕ್ಕೆ ಸಾಗಿಸಲು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿತು; ಅವನ್ನು ಮರಳಿ ಅಲ್ಲಿಗೆ ಬಿಡುವಂತಿಲ್ಲ. ಹೀಗೆ ಸೇರಿದ ನಾಯಿಗಳಿಗೆ ವರ್ಷಗಟ್ಟಲೆ ಕೂಳು, ಔಷಧ ಒದಗಿಸುವ ಬಾಬ್ತು ಪುರಸಭೆ, ನಗರಸಭೆಗಳ ಬಜೆಟ್ಟಿನಲ್ಲಿ ಬರಬೇಕಾದದ್ದು. ಸ್ವಯಂಸೇವಕರ ಚಂದಾ ಹಣದಲ್ಲಿ ನೀಗುವಂಥದ್ದಲ್ಲ.