ನೂಲಿಗೆ ಅಳತೆಯುಂಟು, ಬಾಳಿಗೆ?

ತಿರುಮಕೂಡಲು ನರಸೀಪುರದ ರೇಷ್ಮೆ ನೂಲು ಬಿಚ್ಚಾಣಿಕೆ ಕಾರ್ಖಾನೆಯ ಹೆಸರು ಕೇಳದವರು ನಮ್ಮ ಸೀಮೆಯಲ್ಲಿ ವಿರಳ. ಮುಂದೆ ಮೈಸೂರು ರೇಷ್ಮೆ ಸೀರೆಯಾಗಲಿರುವ ನೂಲಿನ ನವಿರನ್ನು ಅಳೆಯುವ ಮಾನಕ್ಕೆ ಡೀನಿಯರ್ ಎಂದು ಹೆಸರು. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುವುದೋ ಅದು ಅಷ್ಟು ಡೀನಿಯರ್. ಕಣ್ಣಿಗೆ ಸರಿಯಾಗಿ ಕಾಣಿಸದ ಎಳೆಯೂ ಹೀಗೆ ಸಂಖ್ಯೆಯ ಹಿಡಿತಕ್ಕೆ ಬರುತ್ತದೆ. ಆದರೆ ಮನುಷ್ಯನ ಬಾಳು? ಮಿದುಳಿನಲ್ಲಿ ಗೆಡ್ಡೆ ಬೆಳೆದು, ಮಾತು ತೊದಲಿ, ಕಾಲು ಸ್ವಾಧೀನ ತಪ್ಪಿ ಮಲಗಿರುವವನ ಬಾಳು ಹೇಗಿದೆಯೆಂಬುದನ್ನು ಸಂಖ್ಯೆಯಲ್ಲಿ ಹೇಳಬಹುದೇ?

ಹೇಳಬಹುದು, ಹೇಳಲೇಬೇಕು ಎನ್ನುತ್ತಾರೆ ವೈದ್ಯ ಸಂಶೋಧಕರು. ಇದಕ್ಕೆ ಅವರು 'ಜೀವನ ಗುಣಮಟ್ಟ'ದ ಅಳತೆ ಎಂದು ಹೆಸರಿಟ್ಟಿದ್ದಾರೆ. ತತ್ತ್ವಶಾಸ್ತ್ರ ಓದಿದವರಿಗೆ ಈ ಮಾತು ಒಮ್ಮೆಗೇ ಒಪ್ಪಿಗೆಯಾಗದು. ಗುಣವೇ ಬೇರೆ, ಪರಿಮಾಣವೇ ಬೇರೆ ಎಂದು ಅರಿಸ್ಟಾಟಲನು ಎರಡನ್ನೂ ಪ್ರತ್ಯೇಕವಾಗಿ ಎಣಿಸಿದ್ದಾನೆ. ಸಂತ ತೋಮಸ್ ಅಕ್ವಿನಾಸರೂ ಅದನ್ನೇ ಅನುಸರಿಸಿದರು. ಗುಣವನ್ನು ಸೇರಿನಲ್ಲಿ ಅಳೆಯಹೊರಟರೆ ಅಳೆಯುವವನೇ ಮೋಸಹೋದಾನೆಂಬ ಭಯ ನಮಗೂ ಇತ್ತು. ಆದರೆ ಆ ಅಳತೆಯ ಇತಿಹಾಸವನ್ನು ನಿಧಾನವಾಗಿ ನೋಡಿದಾಗ, ಅದರ ಮೂಲದಲ್ಲಿರುವುದು ಲೆಕ್ಕವಲ್ಲ, ಒಂದು ಪ್ರಶ್ನೆ ಎಂಬುದು ನಮಗೆ ಮನವರಿಕೆಯಾಯಿತು.

1949ರಲ್ಲಿ ಅಮೆರಿಕದ ವೈದ್ಯ ಡೇವಿಡ್ ಕಾರ್ನೋಫ್ಸ್ಕಿಯವರು ತಮ್ಮ ಸಹೋದ್ಯೋಗಿಯೊಡನೆ ಒಂದು ಅಳತೆಗೋಲನ್ನು ಬಳಕೆಗೆ ತಂದರು. ಆರೋಗ್ಯವಂತನಿಗೆ 100, ತನ್ನ ಕೆಲಸ ತಾನು ಮಾಡಿಕೊಂಡರೂ ದುಡಿಯಲಾರದವನಿಗೆ 70, ಮರಣಕ್ಕೆ ಸೊನ್ನೆ. ಉಪಯುಕ್ತವಾದ ಈ ಅಳತೆ ಇಂದಿಗೂ ಬಳಕೆಯಲ್ಲಿದೆ. ಆದರೆ ಅಂಕ ಹಾಕುವವನು ವೈದ್ಯ. ರೋಗಿ ಬಾಯಿ ತೆರೆಯಬೇಕಾಗಿಲ್ಲ.

ರೋಗಿಯನ್ನೇ ಕೇಳಬೇಕು ಎಂಬ ವಿಚಾರ ಬಲಗೊಂಡದ್ದು ಬಹಳ ತಡವಾಗಿ. ಯುರೋಪಿನ ಕ್ಯಾನ್ಸರ್ ಸಂಶೋಧನೆ ಮತ್ತು ಚಿಕಿತ್ಸಾ ಸಂಘಟನೆಯು ಎಲ್ಲ ಬಗೆಯ ಕ್ಯಾನ್ಸರ್ ರೋಗಿಗಳಿಗಾಗಿ ಸಿದ್ಧಪಡಿಸಿದ 30 ಪ್ರಶ್ನೆಗಳ ಪಟ್ಟಿ 1993ರಲ್ಲಿ ಪ್ರಕಟವಾಯಿತು. ಅದಕ್ಕೆ ಜೊತೆಯಾಗಿ, ಮಿದುಳು ಗೆಡ್ಡೆಯವರಿಗೆಂದೇ ರಚಿಸಿದ 20 ಪ್ರಶ್ನೆಗಳು 1996ರಲ್ಲಿ ಬಂದವು. ಕಳೆದ ಒಂದು ವಾರದಲ್ಲಿ ತಲೆನೋವು ಬಂದಿತೇ, ಫಿಟ್ಸ್ ಬಂದಿತೇ, ಹೇಳಬೇಕಾದ ಮಾತು ಸಿಗದೆ ತಡವರಿಸಿದಿರಾ, ಕಣ್ಣು ಮಂಜಾಯಿತೇ, ಕಾಲು ಸೋತಿತೇ, ಮುಂದೇನೆಂಬ ಚಿಂತೆ ಕಾಡಿತೇ ಎಂಬುದು ಅವುಗಳ ಧಾಟಿ. 'ಇಲ್ಲವೇ ಇಲ್ಲ' ಎಂಬುದರಿಂದ 'ಬಹಳ' ಎಂಬುದರವರೆಗೆ ನಾಲ್ಕು ಉತ್ತರಗಳು. ಅವುಗಳನ್ನು ಸೊನ್ನೆಯಿಂದ ನೂರರ ಅಂಕಕ್ಕೆ ಪರಿವರ್ತಿಸಲಾಗುತ್ತದೆ.

ಇದರಿಂದ ಆಗುವ ಪ್ರಯೋಜನವೇನು? ಯುರೋಪಿನಲ್ಲಿ ನಡೆದ ಒಂದು ಪರೀಕ್ಷೆಯನ್ನು ನೋಡೋಣ. ನಿಧಾನವಾಗಿ ಬೆಳೆಯುವ ಬಗೆಯ ಮಿದುಳು ಗೆಡ್ಡೆಯುಳ್ಳವರಲ್ಲಿ ಕೆಲವರಿಗೆ 45 ಗ್ರೇ, ಮತ್ತೆ ಕೆಲವರಿಗೆ 59.4 ಗ್ರೇ ಪ್ರಮಾಣದ ವಿಕಿರಣ ಚಿಕಿತ್ಸೆ ಕೊಡಲಾಯಿತು. ಎರಡು ಗುಂಪಿನವರ ಆಯುಸ್ಸಿನಲ್ಲಿ ವ್ಯತ್ಯಾಸವಿಲ್ಲವೆಂದು 1996ರಲ್ಲಿ ತಿಳಿಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಎರಡೂ ಚಿಕಿತ್ಸೆಗಳು ಸಮವೆನಿಸುತ್ತಿದ್ದವು. ಆದರೆ ರೋಗಿಗಳನ್ನು ಕೇಳಿದ್ದರು. ಹೆಚ್ಚು ವಿಕಿರಣ ಪಡೆದವರಲ್ಲಿ ಆಯಾಸವೂ ನಿದ್ರಾಹೀನತೆಯೂ ಹೆಚ್ಚಾಗಿದ್ದವೆಂದು 1998ರ ವರದಿ ತಿಳಿಸಿತು. ಅವರು ಹೆಚ್ಚು ಕಷ್ಟಪಟ್ಟರು, ಹೆಚ್ಚು ದಿನ ಬದುಕಲಿಲ್ಲ. ಕೇಳದೇ ಹೋಗಿದ್ದರೆ ಈ ಸತ್ಯ ಯಾರಿಗೂ ತಿಳಿಯುತ್ತಿರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಉಂಟು. ಉಗ್ರಸ್ವರೂಪದ ಗೆಡ್ಡೆಯುಳ್ಳ 573 ಜನರಲ್ಲಿ ನಡೆದ ಪರೀಕ್ಷೆಯ ಫಲ 2005ರಲ್ಲಿ ಪ್ರಕಟವಾಯಿತು. ವಿಕಿರಣದ ಜೊತೆಗೆ ಟೆಮೊಜೊಲೊಮೈಡ್ ಎಂಬ ಔಷಧವನ್ನು ಕೊಟ್ಟಾಗ ಆಯುಸ್ಸಿನ ಮಧ್ಯಮಾನವು 12.1 ತಿಂಗಳಿನಿಂದ 14.6 ತಿಂಗಳಿಗೆ ಏರಿತು. ಆ ಎರಡೂವರೆ ತಿಂಗಳನ್ನು ನರಳಾಟದ ಬೆಲೆ ತೆತ್ತು ಕೊಂಡುಕೊಂಡಂತಾಯಿತೇ ಎಂಬ ಸಂಶಯಕ್ಕೆ ರೋಗಿಗಳೇ ಉತ್ತರ ಕೊಟ್ಟರು: ಔಷಧದಿಂದ ಬಾಳಿನ ಗುಣಮಟ್ಟ ದೀರ್ಘಕಾಲ ಕುಸಿದಂತೆ ಕಾಣಲಿಲ್ಲ. ಮಗಳ ಮದುವೆ ಕಣ್ಣಾರೆ ನೋಡಬೇಕೆಂದು ಹಂಬಲಿಸುವ ತಂದೆಗೆ ಎರಡೂವರೆ ತಿಂಗಳು ಅಲ್ಪಕಾಲವಲ್ಲ.

ಆದರೂ ಅಳತೆಗೋಲು ದೋಷಮುಕ್ತವಲ್ಲ. ಬೆವಾಸಿಜುಮಾಬ್ ಎಂಬ ಔಷಧದ ಮೇಲೆ ನಡೆದ ಎರಡು ದೊಡ್ಡ ಪರೀಕ್ಷೆಗಳ ವರದಿಗಳು 2014ರಲ್ಲಿ ಹೊರಬಂದವು. ಒಟ್ಟು ಆಯುಸ್ಸು ಹೆಚ್ಚಲಿಲ್ಲವೆಂಬಲ್ಲಿ ಎರಡೂ ಒಂದೇ ಮಾತು. ಬಾಳಿನ ಗುಣಮಟ್ಟ ಉಳಿಯಿತೆಂದು ಒಂದು ಹೇಳಿದರೆ, ಕುಗ್ಗಿತೆಂದು ಇನ್ನೊಂದು ಹೇಳಿತು. ಅಂಕಿಗಳಿಗೂ ವಿವೇಕದ ಕಾವಲು ಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈಗ ನಮ್ಮ ಊರುಗಳಿಗೆ ಬರೋಣ. ನಂಜನಗೂಡು, ನರಸೀಪುರ ತಾಲ್ಲೂಕುಗಳ ರೋಗಿ ಮೊದಲು ಮೈಸೂರಿಗೆ, ಅಲ್ಲಿಂದ ಅನೇಕ ವೇಳೆ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಿದ್ವಾಯಿ ಆಸ್ಪತ್ರೆಗೋ ಹೋಗುತ್ತಾನೆ. ಅಲ್ಲಿ ಅವನ ಮುಂದೆ ಇಂತಹ ಪ್ರಶ್ನೆಗಳು ಬಂದವೆನ್ನಿ. ಮೂವತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲಿಯೂ ಇದೆ. ಮಿದುಳಿನ ಇಪ್ಪತ್ತು ಪ್ರಶ್ನೆಗಳನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಹಿಂದಿಗೆ ತಂದು 2006ರಲ್ಲಿ ಪ್ರಕಟಿಸಿದರು. ಇಂತಹ ಅನುವಾದವನ್ನು ಮೂಲಭಾಷೆಗೆ ಮರಳಿ ಅನುವಾದಿಸಿ, ಅರ್ಥ ಕೆಡಲಿಲ್ಲವೇ ಎಂದು ತಾಳೆ ನೋಡಿ, ರೋಗಿಗಳ ಮುಂದಿಟ್ಟು ಪರೀಕ್ಷಿಸುವುದು ರೂಢಿ. ಇಷ್ಟಾದರೂ ತೊಡಕು ತಪ್ಪದು. ಮುಂದಿನ ದಿನಗಳ ಬಗ್ಗೆ ಚಿಂತೆಯುಂಟೇ ಎಂದು ಕೇಳಿದರೆ, ಕಪಿಲೆಯಲ್ಲಿ ಮಿಂದು ಬೆಳೆದ ರೈತ 'ಎಲ್ಲಾ ನಂಜುಂಡಪ್ಪ ನೋಡ್ಕತಾನೆ' ಎಂದಾನು. ನಮ್ಮ ಕ್ರೈಸ್ತ ತಾಯಿ 'ಮಾತೆ ಮರಿಯಮ್ಮನವರ ಪಾದಕ್ಕೆ ಹಾಕಿದೀನಿ' ಎಂದಾಳು. ಈ ಉತ್ತರವನ್ನು ನಾಲ್ಕು ಚೌಕಗಳಲ್ಲಿ ಯಾವುದರೊಳಗೆ ಕೂರಿಸುವುದು? ಅದು ಚಿಂತೆಯಿಲ್ಲವೆಂಬ ಮಾತೋ, ಚಿಂತೆ ತಾಳಲಾರದ ಮಾತೋ?

ಇನ್ನೊಂದು ತೊಡಕು ಇದಕ್ಕಿಂತಲೂ ಆಳವಾದುದು. ಪರಮಪ್ರಸಾದವನ್ನು ಕೊಂಡೊಯ್ದು ರೋಗಿಗಳ ಮನೆಗಳಿಗೆ ಹೋದಾಗ ನಾವು ಮತ್ತೆ ಮತ್ತೆ ಕಂಡದ್ದು ಇದು. 'ಹೇಗಿದ್ದೀಯಪ್ಪಾ?' ಎಂದು ಮಂಚದ ಮೇಲಿರುವವನನ್ನು ಕೇಳುತ್ತೇವೆ. ಬಾಗಿಲ ಬಳಿ ನಿಂತವರು ಉತ್ತರಿಸುತ್ತಾರೆ: 'ಪರವಾಗಿಲ್ಲ ಸ್ವಾಮಿ, ಗೆಲುವಾಗವ್ರೆ.' ಮಲಗಿದವನು ಸೂರನ್ನು ನೋಡುತ್ತಿರುತ್ತಾನೆ. ತನಗಿರುವುದು ಗೆಡ್ಡೆಯೆಂದು ಅವನಿಗೆ ಹೇಳಿಯೇ ಇರುವುದಿಲ್ಲ. ಪ್ರೀತಿಯಿಂದಲೇ ಮುಚ್ಚಿಟ್ಟಿರುತ್ತಾರೆ. ರೋಗವನ್ನೇ ತಿಳಿಸದವನನ್ನು ಮುಂದೇನೆಂಬ ಚಿಂತೆಯುಂಟೇ ಎಂದು ಸಂಶೋಧಕನು ಕೇಳುವುದಾದರೂ ಹೇಗೆ?

ಮನೆಯವರ ಮಾತೂ ಬೇಕು, ನಿಜ. ಗೆಡ್ಡೆಯಿಂದ ನೆನಪು ಮಾಸಿದವನಿಗೆ, ಸ್ವಭಾವ ಬದಲಾದವನಿಗೆ ತನ್ನ ಬದಲಾವಣೆ ತಿಳಿಯದಿರಬಹುದು. ಅವನ ಸಿಡುಕಿನ ಭಾರವನ್ನು ಬಲ್ಲವಳು ಹೆಂಡತಿ. ಆದರೆ ಬುದ್ಧಿಶಕ್ತಿ ಕುಂದಿದಷ್ಟೂ ಅವನ ಉತ್ತರಕ್ಕೂ ಮನೆಯವರ ಉತ್ತರಕ್ಕೂ ಅಂತರ ಹೆಚ್ಚುತ್ತದೆಂಬುದನ್ನು ಸಂಶೋಧಕರೇ ಕಂಡಿದ್ದಾರೆ. ಜೊತೆಗೆ, ತೀರ ಕೃಶರಾದವರು ಉತ್ತರ ಕೊಡುವುದನ್ನೇ ನಿಲ್ಲಿಸುತ್ತಾರೆ. ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಹೊಂದಿಸಲಾರದವರು ಮರುಪರೀಕ್ಷೆಗೆ ಹೋಗುವುದಿಲ್ಲ. ಆಗ ಸರಾಸರಿಯು ಗೆಲುವಾಗಿ ಕಾಣುತ್ತದೆ. ಮೌನವಾದವರು ಲೆಕ್ಕದಿಂದಲೇ ಹೊರಗುಳಿದಿರುತ್ತಾರೆ.

ಧರ್ಮಸಭೆ ಇದಕ್ಕೆ ಏನೆನ್ನುತ್ತದೆ? ನೋವನ್ನು ಶಮನಗೊಳಿಸುವುದು ದೈವೇಚ್ಛೆಗೆ ವಿರುದ್ಧವಲ್ಲವೆಂದು ಜಗದ್ಗುರು ಹನ್ನೆರಡನೆಯ ಪಯಸ್‌ರವರು 1957ರಲ್ಲಿಯೇ ವೈದ್ಯರಿಗೆ ಸ್ಪಷ್ಟಪಡಿಸಿದ್ದರು. ಸಂತ ಎರಡನೆಯ ಜಾನ್ ಪಾಲ್‌ರವರು 1995ರ ತಮ್ಮ ವಿಶ್ವಪತ್ರ 'ಎವಾಂಜೇಲಿಯುಂ ವೀಟೆ'ಯಲ್ಲಿ ಎಚ್ಚರಿಕೆಯೊಂದನ್ನು ಕೊಟ್ಟರು: ಜೀವನ ಗುಣಮಟ್ಟವೆಂದರೆ ದುಡಿಮೆಯ ಸಾಮರ್ಥ್ಯ, ಭೋಗ, ದೇಹಸೌಂದರ್ಯಗಳಷ್ಟೇ ಎಂದು ಎಣಿಸುವ ಸಮಾಜವು ಮನುಷ್ಯನ ಆಳವನ್ನು ಮರೆಯುತ್ತದೆ. ಎರಡೂ ಮಾತುಗಳು ಒಂದಕ್ಕೊಂದು ಪೂರಕ. ಅಳತೆಗೋಲು ಅಳೆಯುವುದು ರೋಗವು ಹೊರಿಸಿದ ಭಾರವನ್ನು, ಹೊತ್ತವನ ಬೆಲೆಯನ್ನಲ್ಲ. ಅಂಕ ಇಪ್ಪತ್ತಕ್ಕೆ ಇಳಿದವನು ನೂರು ಅಂಕದವನ ಐದನೆಯ ಒಂದು ಪಾಲು ಮನುಷ್ಯನಲ್ಲ. ಅಂಕ ಇಳಿದಿದೆಯೆಂದರೆ ಅವನ ಬಳಿಗೆ ನಾವು ಹೆಚ್ಚು ಸಲ ಹೋಗಬೇಕೆಂದಷ್ಟೇ ಅರ್ಥ.

ಜೆರಿಕೋ ಪಟ್ಟಣದ ದಾರಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನನ್ನು ನೆನೆಯಿರಿ. ಅವನಿಗೆ ಕಣ್ಣಿಲ್ಲವೆಂಬುದು ನೆರೆದ ಜನರಿಗೆಲ್ಲ ತಿಳಿದಿತ್ತು. ಪ್ರಭು ಯೇಸುವಿಗೆ ತಿಳಿಯದೆ? ಆದರೂ ತನ್ನಿಂದ ಅವನಿಗೆ ಏನಾಗಬೇಕೆಂದು ಪ್ರಭು ಅವನನ್ನೇ ಕೇಳಿದರು. ಸುಮ್ಮನಿರೆಂದು ಜನ ಗದರಿಸಿದ್ದ ಬಾಯಿಂದಲೇ ಉತ್ತರ ಬರಲೆಂದು ಕಾದರು. ಒಳ್ಳೆಯ ಸಂಶೋಧಕನು ಪ್ರಶ್ನಾವಳಿ ಹಿಡಿದು ಮಾಡುವುದೂ ಇದನ್ನೇ.

ಆದ್ದರಿಂದ ಪ್ರಿಯ ಓದುಗರೇ, ನಿಮ್ಮ ಮನೆಯ ರೋಗಿಯನ್ನು ಯಾವುದಾದರೂ ಆಸ್ಪತ್ರೆಯಲ್ಲಿ ಇಂತಹ ಅಧ್ಯಯನಕ್ಕೆ ಕರೆದರೆ ಬೆದರಬೇಡಿ. ವಿವರವನ್ನು ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು, ಬೇಡವೆನಿಸಿದಾಗ ಹಿಂದೆ ಸರಿಯಬಹುದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಕೇಳಿ ತಿಳಿದುಕೊಳ್ಳಿ. ಉತ್ತರ ಕೊಡುವಾಗ ವೈದ್ಯರಿಗೆ ಬೇಸರವಾದೀತೆಂದು 'ಚೆನ್ನಾಗಿದ್ದೀನಿ' ಎನ್ನಬೇಡಿ, ಇದ್ದದ್ದನ್ನು ಹೇಳಿ. ಧರ್ಮಕೇಂದ್ರದ ಯುವಕರೂ ಸಂತ ವಿನ್ಸೆಂಟ್ ದೆ ಪೌಲರ ಸಭೆಯವರೂ ಮರುಪರೀಕ್ಷೆಗೆ ಹೋಗಲಾರದವರಿಗೆ ಬಸ್ಸಿನ ಖರ್ಚು ಹೊಂದಿಸಿ ಜೊತೆಗೆ ಹೋಗಿಬಂದರೆ, ಲೆಕ್ಕದಿಂದ ಹೊರಗುಳಿದವರೂ ಲೆಕ್ಕಕ್ಕೆ ಬಂದಾರು.

ಅಧ್ಯಯನವಿಲ್ಲದಲ್ಲಿಯೂ ಪ್ರಶ್ನೆಗೆ ಅಡ್ಡಿಯಿಲ್ಲ. ಮುಂದಿನ ಬಾರಿ ರೋಗಿಯ ಮನೆಗೆ ಹೋದಾಗ ಬಾಗಿಲಲ್ಲಿ ನಿಂತವರನ್ನು ಬಿಟ್ಟು ಮಂಚದ ಪಕ್ಕದಲ್ಲಿ ಕುಳಿತು, ಅವನನ್ನೇ ಕೇಳೋಣ. ಮಾತು ತೊದಲುತ್ತದೆ, ಪದ ಸಿಗುವುದಿಲ್ಲ, ಹೊತ್ತು ಹಿಡಿಯುತ್ತದೆ. ಕಾಯೋಣ.