ರಾಂಜಣಗಾಂವದ ಬೇಸಿಗೆಯ ಪಾಠ

ಮಹಾಗಣಪತಿಯ ದರ್ಶನಕ್ಕೆ ಜನ ಬರುವ ರಾಂಜಣಗಾಂವಕ್ಕೆ ನಮ್ಮವರು ಬಂದದ್ದು ಕಾರಖಾನೆಗಳ ದುಡಿಮೆಗಾಗಿ. ಏಪ್ರಿಲ್ ನಡುವೆಯೇ ಕರ್ನಾಟಕದ ಮಕ್ಕಳಿಗೆ ರಜೆ. ಇಲ್ಲಿ ಸಾಮಾನ್ಯವಾಗಿ ಮೇ ತಿಂಗಳಿಗೆ. ಅಲ್ಲಿ ಮೇ ಕೊನೆಗೆ ಶಾಲೆ ತೆರೆಯುವುದರಿಂದ ಅಣ್ಣತಮ್ಮಂದಿರು ಕೂಡಿ ಆಡುವ ದಿನಗಳು ಕೆಲವೇ.

ಊರಿಗೆ ಹೊರಡುವ ಮುನ್ನ, ಬಿಸಿಲಿಳಿದ ಮೇಲೆ, ನೆರೆಮನೆಯ ಮಾಸ್ತರರು ಮಾಳಿಗೆಯಲ್ಲಿ ನಮ್ಮ ಹುಡುಗನಿಗೆ ಕನ್ನಡ ಕಲಿಸುತ್ತಾರೆ. ಮಾತು ಮನೆಯಲ್ಲಿ ಹೇಗೋ ಉಳಿದೀತು, ಅಕ್ಷರ ಉಳಿಯಬೇಕಲ್ಲ! ಮರಾಠಿ ಬರೆದು ರೂಢಿಯಾದ ಕೈಗೆ ಎ-ಏ, ಒ-ಓಗಳ ಭೇದವೇ ತೊಡಕು. ಮರಾಠಿ ಬರವಣಿಗೆಯಲ್ಲಿ ಅದಿಲ್ಲ. ಹುಡುಗ ‘ನೀರು ಕೋಡು’ ಎಂದು ಬರೆದ.

“ಕೋಡು ಎತ್ತಿಗಿರತದಪ್ಪಾ, ನೀರು ಕೊಡು ಅನ್ನು!” ಎಂದರು ಮಾಸ್ತರರು.

ನಕ್ಕು ಹತ್ತು ಸಲ ತಿದ್ದಿದ. ಊರಿನ ನಿಲ್ದಾಣದಲ್ಲಿ ಬಸ್ಸಿನ ಫಲಕವನ್ನು ಯಾರೂ ಓದಿ ಹೇಳಬಾರದೆಂಬುದು ಅವನ ಹಟ.